ಮಡಕೆ ಹೋದರೂ ಮಟ್ಕಾ ಉಳಿಯಿತು

ಕಾಳಬಾದೇವಿಯ ಗಲ್ಲಿಗಳಲ್ಲಿ ಕಾದು ನಿಲ್ಲುತ್ತಿದ್ದವರಿಗೆ ಹತ್ತಿಯ ಗೊಡವೆ ಇರಲಿಲ್ಲ. ನ್ಯೂಯಾರ್ಕಿನ ಹತ್ತಿ ದರ ಟೆಲಿಪ್ರಿಂಟರಿನಲ್ಲಿ ಮುಂಬಯಿಗೆ ಬರುತ್ತಿತ್ತು. ಪೇಟೆ ತೆರೆದಾಗೊಂದು ದರ, ಮುಚ್ಚಿದಾಗೊಂದು ದರ. ಅದರಲ್ಲಿ ಬರುವ ಅಂಕಿಯ ಮೇಲೆ ಇವರ ದುಡ್ಡು. ಮಿಲ್ಲಿನ ಕೂಲಿಯಿಂದ ಗದ್ದಿಯ ಸೇಠ್‌ವರೆಗೆ ಎಲ್ಲರೂ ಆಡುತ್ತಿದ್ದ ಈ ಆಟವನ್ನು ಆಗ ‘ಆಂಕಡಾ ಜುಗಾರ್’ ಎನ್ನುತ್ತಿದ್ದರು.

1961ರಲ್ಲಿ ನ್ಯೂಯಾರ್ಕ್ ದರ ಕಳಿಸುವ ಪದ್ಧತಿಯನ್ನೇ ನಿಲ್ಲಿಸಿಬಿಟ್ಟಿತು. ಆಟಗಾರರಿದ್ದರು, ಬುಕ್ಕಿಗಳಿದ್ದರು, ಜೇಬಿನಲ್ಲಿ ಕಾಸಿತ್ತು. ಅಂಕಿ ಮಾತ್ರ ಇರಲಿಲ್ಲ.

ದಾರಿ ಹುಡುಕಿದವರು ಇಬ್ಬರು ವಲಸಿಗರು. ಕಚ್ಛಿನಿಂದ ಬಂದ ಕಲ್ಯಾಣಜಿ ಭಗತ್ ಮಸಾಲೆ ಮಾರಿ, ವರ್ಲಿಯಲ್ಲಿ ಕಿರಾಣಿ ಅಂಗಡಿ ನೋಡಿಕೊಂಡಿದ್ದವನು. ರತನ್ ಖತ್ರಿ ದೇಶ ವಿಭಜನೆಯಾದಾಗ ಕರಾಚಿ ಬಿಟ್ಟು ಬಂದ ಸಿಂಧಿ ಹುಡುಗ. ಹತ್ತಿ ಇಲ್ಲದಿದ್ದರೆ ಬೇಡ, ಇಲ್ಲದ ಸರಕಿಗೇ ದರ ಹೇಳಿದರಾಯಿತು ಎಂಬ ಯೋಚನೆ ಹುಟ್ಟಿತು. ಚೀಟಿಗಳ ಮೇಲೆ ಅಂಕಿ ಬರೆದು ಮಡಕೆಗೆ, ಅವರ ಮಾತಿನಲ್ಲಿ ‘ಮಟ್ಕಾ’ಕ್ಕೆ, ಹಾಕಿದರು, ಒಂದನ್ನು ಎತ್ತಿದರು. ಬಂದದ್ದೇ ಅಂದಿನ ದರ! 1962ರಲ್ಲಿ ಕಲ್ಯಾಣಜಿಯ ವರ್ಲಿ ಮಟ್ಕಾ ಶುರುವಾಯಿತು. ಎರಡು ವರ್ಷಕ್ಕೆ ಖತ್ರಿ ಬೇರೆಯಾಗಿ ತನ್ನದೇ ಮಟ್ಕಾ ಹೂಡಿದ.

ಮಡಕೆಯೊಳಗಿನ ಚೀಟಿ ಯಾರ ಕಣ್ಣಿಗೂ ಬೀಳುವಂಥದ್ದಲ್ಲ, ಜೂಜುಗಾರನೋ ಹುಟ್ಟಾ ಸಂಶಯಗಾರ. ಚೀಟಿಯ ಜಾಗಕ್ಕೆ ಇಸ್ಪೀಟು ಬಂತು. ರಾಜ, ರಾಣಿ, ಗುಲಾಮರನ್ನು ತೆಗೆದಿಟ್ಟು, ನೆರೆದವರ ಎದುರೇ ಮೂರು ಎಲೆ ಎಳೆಯುತ್ತಿದ್ದರು. ಎರಡು, ಐದು, ಎಂಟು ಬಂದರೆ ಮೊತ್ತ ಹದಿನೈದು. ಗೆದ್ದ ಅಂಕಿ ಐದು. ರಾತ್ರಿ ಮೊದಲ ಸಲ ಎಳೆದದ್ದು ಒಂದಂಕಿ, ನಡುರಾತ್ರಿಯ ಹೊತ್ತಿಗೆ ಎಳೆದದ್ದು ಇನ್ನೊಂದು. ಎರಡೂ ಸೇರಿದರೆ ‘ಜೋಡಿ’. ಒಂದಂಕಿ ಹೊಡೆದವನಿಗೆ ರೂಪಾಯಿಗೆ ಒಂಬತ್ತು ಸಿಗುತ್ತಿತ್ತು. ಹತ್ತರಲ್ಲೊಂದು ಅಂಕಿಗೆ ಒಂಬತ್ತೇ ಪಟ್ಟು! ಧಣಿಯ ಪಾಲು ಎಲ್ಲಿತ್ತೆಂದು ಬೇರೆ ಹೇಳಬೇಕಾಗಿರಲಿಲ್ಲ.

ಖತ್ರಿಯ ಎಲೆಯಲ್ಲಿ ಮೋಸವಿಲ್ಲ ಎಂಬ ಹೆಸರೇ ಅವನ ಬಂಡವಾಳವಾಯಿತು. ‘ಮಟ್ಕಾ ಕಿಂಗ್’ ಎನಿಸಿಕೊಂಡ. ತುರ್ತು ಪರಿಸ್ಥಿತಿ ಅವನನ್ನು 19 ತಿಂಗಳು ಜೈಲಿಗೆ ತಳ್ಳಿದರೂ ಆಟ ಅಳಿಯಲಿಲ್ಲ. ಅಷ್ಟರಲ್ಲಿ ಮಡಕೆಯನ್ನು ಕಂಡವರೇ ಇಲ್ಲವಾಗಿದ್ದರು. ‘ಮಟ್ಕಾ’ ಎಂದರೆ ಮುಂಬಯಿಯಲ್ಲಿ ಜೂಜು, ಅಷ್ಟೇ.

ಫೋನಿನ ತಂತಿ ಹಿಡಿದು ಅಂಕಿ ನಗರದಾಚೆಗೂ ಹೊರಟಿತು, ಕರ್ನಾಟಕದ ಬೀಡಾ ಅಂಗಡಿಗಳಿಗೂ ಬಂತು. ಇಲ್ಲಿ ಚೀಟಿ ಬರೆಸಿದವರು ನ್ಯೂಯಾರ್ಕಿನ ಹತ್ತಿಯನ್ನು ಕೇಳಿದವರೇ ಅಲ್ಲ. ಆದರೆ ಅವರ ಬಾಯಲ್ಲಿ ಅದೇ ಪೇಟೆ ಉಳಿದಿತ್ತು. ಮೊದಲ ಅಂಕಿ ‘ಓಪನ್’, ಎರಡನೆಯದು ‘ಕ್ಲೋಸ್’: ಹತ್ತಿ ಪೇಟೆ ತೆರೆದ ದರ, ಮುಚ್ಚಿದ ದರ. ಎರಡರ ಮೊದಲಕ್ಷರ ಕೂಡಿಸಿ ಕನ್ನಡಿಗರು ಆಟವನ್ನೇ ‘ಓಸಿ’ ಎಂದರು. ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 78(3)ರಡಿ ಕೇಸು ಹಾಕಿದ ಪೊಲೀಸರೂ ‘ಓಸಿ ಚೀಟಿ’ ಎಂದೇ ಬರೆದುಕೊಂಡರು.