ಕಾಲೇಜಿನ ಆಟಕ್ಕೊಬ್ಬರು ನಿರ್ದೇಶಕರು

ಪದವಿ ಕಾಲೇಜಿನಲ್ಲಿ ಆಟೋಟದ ಹೊಣೆ ಹೊರುವವರು ದೈಹಿಕ ಶಿಕ್ಷಣ ನಿರ್ದೇಶಕರು. ವಿದ್ಯಾರ್ಥಿಗಳ ಬಾಯಲ್ಲಿ ಅವರು ಪಿ.ಇ. ಸರ್ ಅಥವಾ ಪಿ.ಇ. ಮೇಡಂ. ತಂಡ ಕಟ್ಟುವುದು, ಮೈದಾನ ಹೊಂದಿಸುವುದು, ಅಂತರ ಕಾಲೇಜು ಪಂದ್ಯಾವಳಿ ನಡೆಸುವುದು, ವಿಶ್ವವಿದ್ಯಾಲಯದ ಆಯ್ಕೆಗೆ ಹುಡುಗರನ್ನು ಕಳುಹಿಸುವುದು ಎಲ್ಲವೂ ಅವರ ಪಾಲಿಗೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನಿಯಮಾವಳಿಯಲ್ಲಿ ಈ ಹುದ್ದೆಗೆ ಸಹಾಯಕ ಪ್ರಾಧ್ಯಾಪಕರ ಸಮಾನ ಸ್ಥಾನವಿದೆ. ಅದು ಸುಮ್ಮನೆ ಬಂದದ್ದಲ್ಲ.

ವೈ.ಎಂ.ಸಿ.ಎ. ಸಂಸ್ಥೆಯ ಮೂಲಕ ಭಾರತಕ್ಕೆ ಬಂದ ಅಮೆರಿಕದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜು ತೆರೆದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ವ್ಯವಸ್ಥಾಪಕರೂ ಅವರೇ. ಶಾಲೆಗಳಲ್ಲಿ ಕವಾಯತು ಮಾಡಿಸುವುದಷ್ಟೇ ವ್ಯಾಯಾಮ ಶಿಕ್ಷಣವಾಗಿದ್ದ ಕಾಲದಲ್ಲಿ, ಆಟ ಕಲಿಸುವುದಕ್ಕೂ ತರಬೇತಿ ಬೇಕು ಎಂಬ ಮಾತಿಗೆ ಆ ಕಾಲೇಜು ನೆಲೆ ಕೊಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ಸರ್ಕಾರ 1956ರಲ್ಲಿ ದೈಹಿಕ ಶಿಕ್ಷಣ ಮತ್ತು ಮನರಂಜನೆಯ ರಾಷ್ಟ್ರೀಯ ಯೋಜನೆಯನ್ನು ಹೊರತಂದಿತು. ಮರುವರ್ಷವೇ ಗ್ವಾಲಿಯರ್‌ನಲ್ಲಿ ಲಕ್ಷ್ಮೀಬಾಯಿ ಕಾಲೇಜು ಆರಂಭವಾಗಿ, ಈ ವಿಷಯದಲ್ಲಿ ಮೂರು ವರ್ಷದ ಪದವಿ ಕೊಡತೊಡಗಿತು. 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಈಗ ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್. ಮತ್ತು ಸ್ನಾತಕೋತ್ತರ ಪದವಿ ಎಂ.ಪಿ.ಎಡ್. ಎರಡೂ ಇವೆ.

ಪದವಿಯ ಮೇಲೆ ಎರಡು ವರ್ಷ ಬಿ.ಪಿ.ಎಡ್., ಮತ್ತೆರಡು ವರ್ಷ ಎಂ.ಪಿ.ಎಡ್. ಓದಿ ಮುಗಿಸಿದರೂ ಕೆಲಸದ ಬಾಗಿಲು ತೆರೆಯುವುದಿಲ್ಲ. 2018ರ ಯುಜಿಸಿ ನಿಯಮಾವಳಿ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ, ಜೊತೆಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಎನ್‌ಇಟಿ ಅಥವಾ ಅದಕ್ಕೆ ಸಮನಾದ ಅರ್ಹತೆ ಕೇಳುತ್ತದೆ. ಅಭ್ಯರ್ಥಿ ಕಾಲೇಜು, ವಿಶ್ವವಿದ್ಯಾಲಯ ಇಲ್ಲವೇ ರಾಜ್ಯದ ಪರವಾಗಿ ಆಡಿರಬೇಕು. ಓಡಿಯೂ ತೋರಿಸಬೇಕು: ಮೂವತ್ತರೊಳಗಿನ ಪುರುಷರು 12 ನಿಮಿಷದಲ್ಲಿ 1,800 ಮೀಟರ್, ಮಹಿಳೆಯರು 8 ನಿಮಿಷದಲ್ಲಿ 1,000 ಮೀಟರ್. ಉಪನ್ಯಾಸಕ ಹುದ್ದೆಗಳಲ್ಲಿ ಇಂಥ ಪರೀಕ್ಷೆ ಬೇರೆ ಯಾರಿಗೂ ಇಲ್ಲ.

ತರಗತಿಯಲ್ಲಿ ವ್ಯಾಯಾಮದ ಶರೀರಕ್ರಿಯಾ ವಿಜ್ಞಾನ, ಕ್ರೀಡಾ ಮನೋವಿಜ್ಞಾನ, ಸಂಶೋಧನಾ ವಿಧಾನ ಎಲ್ಲ ಬರುತ್ತವೆ. ಆದರೆ ಕೆಲಸದ ತಿರುಳು ಸಂಘಟನೆ. ಅದು ಮೈಗೂಡುವುದು ಮೈದಾನದಲ್ಲೇ. ಹನ್ನೊಂದು ತರಗತಿಗಳ ಕಬಡ್ಡಿ ಪಂದ್ಯಾವಳಿಯನ್ನೇ ನೋಡಬಹುದು. ನಾಕೌಟ್ ಆಡಿಸಿದರೆ ಐದು ತಂಡಕ್ಕೆ ಬೈ (ಮೊದಲ ಸುತ್ತು ಆಡದೆಯೇ ಮುಂದಕ್ಕೆ), ಹತ್ತು ಪಂದ್ಯಕ್ಕೆ ಎಲ್ಲ ಮುಗಿಯಿತು. ಸೋತ ತಂಡ ಒಂದೇ ಆಟಕ್ಕೆ ಮನೆಗೆ. ಎಲ್ಲರೂ ಎಲ್ಲರ ಮೇಲೆ ಆಡುವ ಲೀಗ್ ಆದರೆ 55 ಪಂದ್ಯ. ಅಷ್ಟು ದಿನ ಮೈದಾನ ಯಾರು ಕೊಡುತ್ತಾರೆ? ಆರು ಮತ್ತು ಐದರ ಎರಡು ಗುಂಪು ಮಾಡಿದರೆ 25 ಪಂದ್ಯಕ್ಕೆ ಲೀಗ್ ಮುಗಿಯುತ್ತದೆ, ಪ್ರತಿ ತಂಡಕ್ಕೂ ಕನಿಷ್ಠ ನಾಲ್ಕು ಆಟ ಸಿಗುತ್ತದೆ. ಆಟ ಬಾರದ ಹುಡುಗನೂ ನಾಲ್ಕು ಸಲ ಅಂಗಳಕ್ಕಿಳಿಯುವಂತೆ ಮಾಡುವುದೇ ಒಳ್ಳೆಯ ನಿರ್ದೇಶಕರ ಗುರುತು. ಪದಕದ ಲೆಕ್ಕ ಆಮೇಲಿನದು. ಅಂಗಳ ಹಾಕುವುದರಲ್ಲೂ ಅದೇ ಕಾಳಜಿ ಬೇಕು. ಮೂರು, ನಾಲ್ಕು, ಐದು ಮೀಟರ್ ಹಗ್ಗ ಎಳೆದು ಮೂಲೆಯ ಲಂಬಕೋನ ಹಿಡಿಯುತ್ತಾರೆ. ಪುರುಷರ ಕಬಡ್ಡಿ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. ಮೂಲೆಯಿಂದ ಮೂಲೆಗೆ ಎರಡೂ ಕಡೆ 16.40 ಮೀಟರ್ ಬಂದರೆ ಮಾತ್ರ ಸುಣ್ಣದ ಪುಡಿ ಹಾಕುವುದು.

ದಕ್ಷಿಣ ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಜಾಗದ ಕಷ್ಟ ಜಾಸ್ತಿ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದ ನಕ್ಷೆಯಲ್ಲಿ ಉದ್ಯಾನ, ಮೈದಾನಗಳಿಗೆ ಜಾಗವಿತ್ತು. ಆಮೇಲೆ ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಲ್ಲಿ ಬಹುಮಹಡಿ ಕಟ್ಟಡಗಳಲ್ಲೇ ಎಷ್ಟೋ ಕಾಲೇಜುಗಳು ಎದ್ದವು. ಅಂಥಲ್ಲಿ ನಿರ್ದೇಶಕರ ಕೈಯಲ್ಲಿರುವುದು ಕೇರಂ, ಟೇಬಲ್ ಟೆನಿಸ್, ಚೆಸ್ ಮತ್ತು ತಾರಸಿಯ ಯೋಗ ತರಗತಿ. ದೊಡ್ಡ ಆಟಗಳಿಗೆ ಜಯನಗರದ ಕಿತ್ತೂರು ರಾಣಿ ಚೆನ್ನಮ್ಮ ಕ್ರೀಡಾಂಗಣದಂಥ ಸಾರ್ವಜನಿಕ ಜಾಗಗಳನ್ನು ನೆಚ್ಚಿಕೊಳ್ಳಬೇಕು.

ಅಮೆರಿಕದಲ್ಲಿ ಈ ವೃತ್ತಿ ಬೇರೆ ದಾರಿ ಹಿಡಿಯಿತು. 1950ರಲ್ಲಿ ನ್ಯೂ ಆರ್ಲಿಯನ್ಸ್‌ನ ಡಿಲ್ಲಾರ್ಡ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ವಾಸನ್ ಹನ್ನೊಂದು ಕಪ್ಪು ಜನರ ಕಾಲೇಜುಗಳ ಕ್ರೀಡಾ ಸಂಘಟಕರನ್ನು ಸೇರಿಸಿ ಸಂಘ ಕಟ್ಟಿದರು. ಸಾಮಾನ್ಯ ವಿದ್ಯಾರ್ಥಿಯ ಆಟವೇ ಅದರ ಗುರಿ. ಅಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಓದುತ್ತಲೇ ಕ್ಯಾಂಪಸ್ಸಿನ ಆಟೋಟ ವಿಭಾಗದಲ್ಲಿ ಸಹಾಯಕರಾಗಿ ದುಡಿಯುತ್ತಾರೆ. ಶುಲ್ಕದಲ್ಲಿ ರಿಯಾಯಿತಿ, ಕೈಖರ್ಚಿಗೆ ಭತ್ಯೆ ಸಿಗುವುದುಂಟು. ಇಲ್ಲಿನ ಎಂ.ಪಿ.ಎಡ್. ವಿದ್ಯಾರ್ಥಿಗಳಿಗೆ ಬೋಧನಾ ಅಭ್ಯಾಸವಿದೆ, ಸೀಟಿ ಹಿಡಿದು ತೀರ್ಪುಗಾರಿಕೆ ಮಾಡುವ ಅವಕಾಶವೂ ಇದೆ. ಸಂಬಳದ ಸಹಾಯಕ ಹುದ್ದೆ ಎಂಬ ರೂಢಿ ಬೆಳೆದಿಲ್ಲ. ಎಂ.ಪಿ.ಎಡ್. ಇರುವ ಜ್ಞಾನಭಾರತಿಯಿಂದ ಬನಶಂಕರಿಯ ಕಾಲೇಜುಗಳು ದೂರವೇನಲ್ಲ. ಒಬ್ಬರೇ ನಿರ್ದೇಶಕರು ಇಡೀ ಕಾಲೇಜನ್ನು ನೋಡಿಕೊಳ್ಳುವ ಕಡೆ ಇಂಥ ಇಬ್ಬರು ಸಹಾಯಕರು ಬಂದರೆ ಎರಡೂ ಕಡೆಗೆ ಲಾಭ.

ದೊಡ್ಡ ಕ್ರೀಡಾಕೂಟ ಬಂದಾಗ ಸಂಘಟನೆಯ ಅನುಭವದ ಬೆಲೆ ತಿಳಿಯುತ್ತದೆ. 2022ರ ಏಪ್ರಿಲ್–ಮೇನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಎರಡನೇ ಆವೃತ್ತಿಗೆ ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯ ಆತಿಥ್ಯ ವಹಿಸಿತು. 20 ಚಿನ್ನ ಗೆದ್ದು ಸಮಗ್ರ ಪ್ರಶಸ್ತಿಯನ್ನೂ ಪಡೆಯಿತು. ಆಟಗಾರರ ವಸತಿ, ಊಟ, ವಾಹನ, ವೇಳಾಪಟ್ಟಿ, ಇವೆಲ್ಲ ಯಾವ ಪಠ್ಯಪುಸ್ತಕದಿಂದಲೂ ಬರುವ ವಿದ್ಯೆಯಲ್ಲ.

ನಿರ್ದೇಶಕರ ಕೆಲಸ ಕೆಲಕಾಲ ತಂಡದಾಚೆಗೂ ಹರಡಿತ್ತು. 2021–22ರಲ್ಲಿ ಕರ್ನಾಟಕಕ್ಕೆ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಆರೋಗ್ಯ, ಯೋಗ, ಕ್ರೀಡೆಗಳಿಗೆ ಪದವಿಯಲ್ಲೇ ಕ್ರೆಡಿಟ್ ಸಿಕ್ಕಿತು. ತಂಡದಲ್ಲಿಲ್ಲದ ವಿದ್ಯಾರ್ಥಿಯೂ ಹೀಗೆ ನಿರ್ದೇಶಕರ ಬಳಿ ಬರುವಂತಾಯಿತು. 2024ರಲ್ಲಿ ರಾಜ್ಯ ಆ ಪದ್ಧತಿಯನ್ನು ಕೈಬಿಟ್ಟಿತು.

ಸಂಘಟನೆಯ ಅನುಭವವನ್ನು ಮೇಲಿನ ಹುದ್ದೆಗಳಿಗೆ ಮಾತ್ರ ನಿಯಮವೇ ಕೇಳುತ್ತದೆ. ವಿಶ್ವವಿದ್ಯಾಲಯದ ಉಪನಿರ್ದೇಶಕರಾಗಲು ಪಿಎಚ್.ಡಿ. ಮತ್ತು ಎಂಟು ವರ್ಷದ ಸೇವೆ ಬೇಕು, ನಿರ್ದೇಶಕರಾಗಲು ಹತ್ತು. ಪಂದ್ಯಾವಳಿ ನಡೆಸಿದ್ದಕ್ಕೂ ಕನಿಷ್ಠ ಎರಡು ವಾರದ ತರಬೇತಿ ಶಿಬಿರ ಏರ್ಪಡಿಸಿದ್ದಕ್ಕೂ ದಾಖಲೆ ಕೊಡಬೇಕು.