ಬಾಣಂತನ ಮುಗಿಸಿ ಹಡಗಿನಲ್ಲಿ ಬರಬಹುದೇ?

ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ, ಚಿಂಚೋಳಿ ಕಡೆಯ ನಮಗೆ ಕಡಲೆಂದರೆ ಕ್ಯಾಲೆಂಡರಿನ ಚಿತ್ರ. ಆದರೆ ಒಂದು ಸ್ವಾರಸ್ಯ ಕೇಳಿ. ನಾವು ದಿನಾ ಒರೆಸುವ ಶಹಾಬಾದಿ ಪರಸಿ ಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಕಡಲ ತಳದಲ್ಲಿ ಪದರಪದರವಾಗಿ ಕೂತ ಸುಣ್ಣದ ಕೆಸರು!

ಈಗ ನಮ್ಮ ಕಡೆಯಿಂದಲೂ ತಾಯಂದಿರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುತ್ತಾರೆ. ತಿಂಗಳುಗಟ್ಟಲೆ ಅಡಿಗೆ, ಕೂಸಿನ ಎಣ್ಣೆನೀರು, ಪಾತ್ರೆ. ಹೊರಡುವ ಹೊತ್ತಿಗೆ ಮಗಳು, "ಅವ್ವಾ, ಹಡಗಿನ್ಯಾಗ ಯುರೋಪಿಗೆ ಹೋಗಿ, ನಾಕು ದಿನ ನೋಡಿ, ಅಲ್ಲಿಂದ ವಿಮಾನ ಹತ್ತು" ಅಂದರೆ? "ಅಷ್ಟು ನೀರಾಗ ನಾ ಒಲ್ಲೆ ಯವ್ವಾ" ಅಂತ ಕೂಡಲೇ ಅನ್ನಬೇಡಿ. ತುಸು ವಿಚಾರ ಮಾಡಿ.

ನಮ್ಮ ಸೀಮೆಗೆ ಹಡಗಿನ ನಂಟು ಹೊಸದಲ್ಲ. ವಾಡಿಯಿಂದ ಹೈದರಾಬಾದ್ ಕಡೆಗೆ ನಿಜಾಮರ ರೈಲು 1874ರಲ್ಲಿ ಓಡಿತು. ಮುಂಬಯಿ ಬಂದರಿಗೆ ಹೋಗುವ ರೈಲುದಾರಿ ಆಗ ವಾಡಿಯ ಮೇಲೇ ಇತ್ತು. 1895ರಲ್ಲಿ, ಹದಿನಾರು ವರ್ಷದ ಹುಡುಗಿ ಸರೋಜಿನಿ, ಮುಂದೆ ಸರೋಜಿನಿ ನಾಯ್ಡು ಆದವರು, ನಿಜಾಮರ ವಿದ್ಯಾರ್ಥಿವೇತನದ ಮೇಲೆ ಹೈದರಾಬಾದಿನಿಂದ ಇಂಗ್ಲೆಂಡಿಗೆ ಓದಲು ಹೋದರು. ಮುಂಬಯಿಂದ ಜೆಡ್ಡಾಕ್ಕೆ ಹಜ್ ಯಾತ್ರಿಕರ ಹಡಗು 1995ರವರೆಗೂ ಇತ್ತು. ಹೆಂಗಸರು, ಮುದುಕರು ಎಲ್ಲರೂ ಅದರಲ್ಲಿ ಹೋಗಿಬಂದವರೇ.

ಅಟ್ಲಾಂಟಿಕ್ ದಾಟಲು ಎರಡು ಬಗೆ. ಒಂದು, ನ್ಯೂಯಾರ್ಕಿನಿಂದ ಇಂಗ್ಲೆಂಡಿನ ಸೌತಾಂಪ್ಟನ್ನಿಗೆ ಹೋಗುವ 'ಕ್ವೀನ್ ಮೇರಿ 2'. 2004ರಿಂದ ಓಡುತ್ತಿರುವ ಈ ಹಡಗಿಗೆ ಸಾಮಾನ್ಯವಾಗಿ ಏಳು ರಾತ್ರಿ ಸಾಕು. ಎರಡನೆಯದು, ಚಳಿಗಾಲವೆಲ್ಲ ಕೆರಿಬಿಯನ್ ದ್ವೀಪಗಳಲ್ಲಿ ತಿರುಗುವ ವಿಹಾರದ ಹಡಗುಗಳು. ಬೇಸಿಗೆಗೆ ಅವು ಯುರೋಪಿನಲ್ಲಿರಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಆ ಕಡೆ ಹೊರಡುತ್ತವೆ. ಹೇಗೂ ಹೋಗಲೇಬೇಕಾದ ಹಡಗು, ಆದ್ದರಿಂದ ದಿನದ ಲೆಕ್ಕಕ್ಕೆ ಹಲವು ಸಲ ಅಗ್ಗ. ಎರಡು ವಾರದ ಆಸುಪಾಸು ಹಿಡಿಯುತ್ತದೆ.

"ಟೈಟಾನಿಕ್ ಮುಳುಗಿತಲ್ಲಾ?" ಎನ್ನುತ್ತೀರಿ. ಅದು 1912ರ ಮಾತು. ಆ ಹಡಗಿನಲ್ಲಿ ಎಲ್ಲರಿಗೂ ಸಾಲುವಷ್ಟು ಜೀವರಕ್ಷಕ ದೋಣಿ ಇರಲಿಲ್ಲ. ಆಮೇಲೆ ದೇಶದೇಶಗಳು ಸೇರಿ ಕಾನೂನು ಮಾಡಿದವು. ಈಗ ಹಡಗು ಹತ್ತಿದ ಕೂಡಲೇ ಅಪಾಯ ಬಂದರೆ ಎಲ್ಲಿ ಸೇರಬೇಕು ಎಂದು ಕಲಿಸುತ್ತಾರೆ. ಅದನ್ನು ತಪ್ಪಿಸಬೇಡಿ.

ನಿಜವಾದ ಅಂಜಿಕೆ ಬೇರೆಯೇ ಇದೆ. ನಡುಗಡಲಲ್ಲಿ ದಿನಗಟ್ಟಲೆ ನೆಲ ಸಿಗದು, ಹೆಲಿಕಾಪ್ಟರ್ ಕೂಡ ಅಷ್ಟು ದೂರ ಬರಲಾರದು. ಹಡಗಿನಲ್ಲಿ ಡಾಕ್ಟರು ಇರುತ್ತಾರೆ. ಫೀ ದುಬಾರಿ, ದೊಡ್ಡ ಆಪರೇಷನ್ ಅಲ್ಲಿ ಆಗದು. ಮಕ್ಕಳ ಮುಂದೆ "ನನಗೇನಾಗ್ಯದ, ಗಟ್ಟಿ ಇದ್ದೀನಿ" ಅನ್ನುವುದು ನಮ್ಮ ಹೆಂಗಸರ ರೂಢಿ. ಎದೆ ಹಿಡಿದಂತಾಗುವುದು, ಮೆಟ್ಟಿಲೇರಿದರೆ ಉಬ್ಬಸ, ಸಕ್ಕರೆ ಕಾಯಿಲೆ, ಬಿ.ಪಿ., ಯಾವುದನ್ನೂ ಮುಚ್ಚಿಡಬೇಡಿ. ಟಿಕೆಟ್ ತೆಗೆಯುವ ಮೊದಲೇ ಡಾಕ್ಟರಿಗೆ ತೋರಿಸಿ. ವಿಮೆ ಮಾಡಿಸುವಾಗಲೂ ಹಳೆಯ ಕಾಯಿಲೆ ಬರೆಸಿ. ಮುಚ್ಚಿಟ್ಟರೆ ಹಣ ಸಿಗದೆ ಹೋದೀತು. ಹಡಗಿನ ಪ್ರಯಾಣ ಆ ವಿಮೆಯಲ್ಲಿ ಸೇರಿದೆಯೇ ಎಂದೂ ಕೇಳಿ. ಡಾಕ್ಟರು ಬೇಡ ಅಂದರೆ ವಿಮಾನದಲ್ಲೇ ಬನ್ನಿ, ಅದರಲ್ಲಿ ಕಡಿಮೆಯೇನಿಲ್ಲ.

ಇನ್ನು ಕಾಗದಪತ್ರ. ಯುರೋಪಿನ ಬಹುಪಾಲು ದೇಶಗಳಿಗೆ ಷೆಂಗೆನ್ ವೀಸಾ ಬೇಕು, ಇಂಗ್ಲೆಂಡಿಗೆ ಬೇರೆಯದೇ ವೀಸಾ. ಅಮೆರಿಕಕ್ಕೆ ಬರೀ ನೋಡಲು ಹೋದವರಿಗೆ ಅಲ್ಲಿ ಕೂತು ಷೆಂಗೆನ್ ವೀಸಾ ಪಡೆಯುವುದು ಕಷ್ಟ. ನಮ್ಮ ದೇಶ ಬಿಡುವ ಮೊದಲೇ ಮಾಡಿಸಿ. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಆ ಅರ್ಜಿ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ದಿನ ಎಣಿಸಿ ಹೊರಡಿ. ಅದಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆಯೂ ಬೇಕು.

ಖರ್ಚಿನಲ್ಲಿ ಒಂದು ಒಳಗುಟ್ಟು. ಕೋಣೆಯ ದರ ಇಬ್ಬರ ಲೆಕ್ಕದ್ದು. ಒಬ್ಬರೇ ಹೋದರೆ ಹಲವೆಡೆ ಹೆಚ್ಚುಕಡಿಮೆ ಎರಡು ಪಟ್ಟು ಕೇಳುತ್ತಾರೆ. ಗಂಡನಿಲ್ಲದ ತಾಯಂದಿರು ಬೀಗಿತ್ತಿಯನ್ನೋ ಅಕ್ಕತಂಗಿಯನ್ನೋ ಜೊತೆ ಮಾಡಿಕೊಂಡರೆ ಹಣವೂ ಉಳಿತಾಯ, ಧೈರ್ಯವೂ ಉಂಟು. ಟಿಪ್ಸು, ಇಂಟರ್‌ನೆಟ್ಟಿಗೆ ಬೇರೆ ತೆಗೆದಿಡಿ.

ಗಂಟು ಕಟ್ಟುವಾಗ ಇವು ನೆನಪಿರಲಿ:

* ಹಡಗಿನ ನಡುಭಾಗದ ಕೆಳ ಅಂತಸ್ತಿನ ಕೋಣೆ ಕಡಿಮೆ ತೂಗಾಡುತ್ತದೆ. ಕಿಟಕಿ ಇಲ್ಲದ ಒಳಕೋಣೆ ಅಗ್ಗ.
* ತಲೆ ತಿರುಗಿದರೆ ಡೆಕ್ಕಿಗೆ ಬಂದು ದೂರದ ದಿಗಂತ ನೋಡಿ. ಖಾಲಿ ಹೊಟ್ಟೆ ಬೇಡ, ಕರಿದದ್ದೂ ಬೇಡ. ಸೀಲ್ ಮಾಡಿದ ಶುಂಠಿ ಪೆಪ್ಪರ್‌ಮಿಂಟು ಇಟ್ಟುಕೊಳ್ಳಿ.
* ಖಡಕ್ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಬೇಡಿ. ಮನೆಯಲ್ಲಿ ಮಾಡಿದ ತಿಂಡಿಯನ್ನು ಸಾಮಾನ್ಯವಾಗಿ ಹಡಗಿಗೆ ಬಿಡುವುದಿಲ್ಲ. ತುಪ್ಪ, ಪೇಡೆ ಯುರೋಪಿನ ಗಡಿ ದಾಟುವಂತಿಲ್ಲ. ಶಾಕಾಹಾರ ಬೇಕೆಂದು ಟಿಕೆಟ್ ತೆಗೆಯುವಾಗಲೇ ಬರೆಸಿ.
* ಊದುಬತ್ತಿ, ದೀಪ, ಇಸ್ತ್ರಿ ಪೆಟ್ಟಿಗೆ ಕೂಡದು, ಬೆಂಕಿಯ ಭಯ. ಕೈಮುಗಿದರೆ ದೇವರಿಗೆ ಸಾಕು.
* ಗುಳಿಗೆಗಳು ಕೈಚೀಲದಲ್ಲೇ ಇರಲಿ, ಒಂದೆರಡು ವಾರದ್ದು ಹೆಚ್ಚಿಗೆ. ಪೂರ್ವಕ್ಕೆ ಸಾಗುವಾಗ ಹಲವು ದಿನ ಗಡಿಯಾರ ಒಂದೊಂದು ಗಂಟೆ ಮುಂದೆ ಓಡುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಹೊತ್ತನ್ನು ಡಾಕ್ಟರಿಂದ ಬರೆಸಿಕೊಳ್ಳಿ.
* ವಾಂತಿಭೇದಿ ಹಡಗಿನಲ್ಲಿ ಬೇಗ ಹಬ್ಬುತ್ತದೆ. ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಿರಿ.
* ಡೆಕ್ಕಿನ ಗಾಳಿ ಕೊರೆಯುತ್ತದೆ. ಸ್ವೆಟರು, ಕಾಲುಚೀಲ ಬೇಕು. ಸೀರೆ ಉಟ್ಟರೆ ಸೆರಗಿಗೆ ಪಿನ್ನು ಮರೆಯಬೇಡಿ.

ಮದುವೆಯಾಗಿ ಬಂದಂದಿನಿಂದ ಒಂದು ವಾರ ಬೇರೆಯವರು ಬಡಿಸಿದ್ದನ್ನು ಕೂತು ಉಂಡ ನೆನಪು ನಮ್ಮಲ್ಲಿ ಎಷ್ಟು ಮಂದಿಗಿದೆ? ಹಡಗಿನಲ್ಲಿ ಒಲೆ ಇಲ್ಲ, "ಏನು ಅಡಿಗೆ?" ಎಂದು ಕೇಳುವವರಿಲ್ಲ. ಹಣ ಮಕ್ಕಳದೋ ನಿಮ್ಮದೋ, ಮನೆಯವರೊಂದಿಗೆ ಕೂತು ಲೆಕ್ಕ ಹಾಕಿ. ಹೋಗುವುದೋ ಬಿಡುವುದೋ ಎಂಬ ಮಾತಿನಲ್ಲಿ ಮಾತ್ರ ನಿಮ್ಮ ಇಷ್ಟವನ್ನೂ ಬಾಯಿಬಿಟ್ಟು ಹೇಳಿ. ಮೊದಲು ಪಾಸ್‌ಪೋರ್ಟ್ ತೆಗೆದು, ಅದರಲ್ಲಿನ ಹೆಸರೂ ಆಧಾರ್ ಕಾರ್ಡಿನ ಹೆಸರೂ ಒಂದೇ ಇದೆಯೇ ನೋಡಿಕೊಳ್ಳಿ.