ಬರೋಲೋ ಪಕ್ಕದ ಬಾಟಲಿ ನೋಡಿ

ಅಂಗಡಿಯ ಇಟಾಲಿಯನ್ ವೈನ್ ಸಾಲಿನ ಮುಂದೆ ನಿಂತ್ರೆ ಕಣ್ಣು ಮೊದಲು ಬರೋಲೋ ಮೇಲೆ ಹೋಗುತ್ತೆ. ಬೆಲೆ ಚೀಟಿ ನೋಡಿದ ಕೂಡಲೇ ಕೈ ಹಿಂದೆ ಸರಿಯುತ್ತೆ. ಸರಿಯಲಿ ಬಿಡಿ. ಅದೇ ಸಾಲಲ್ಲಿ ‘ಲಾಂಗೆ ನೆಬ್ಬಿಯೋಲೋ’ ಅಂತ ಬರೆದಿರೋ ಬಾಟಲಿ ಹುಡುಕಿ.

ಎರಡೂ ಪಿಯೆಮೊಂತೆ ಸೀಮೆಯವು. ದ್ರಾಕ್ಷಿ ನೆಬ್ಬಿಯೋಲೋ: ಬರೋಲೋದಲ್ಲಿ ಪೂರ್ತಿ ಅದೇ, ಲಾಂಗೆಯಲ್ಲಿ ಕನಿಷ್ಠ ಶೇ. 85. ಆದರೆ ಬರೋಲೋ 38 ತಿಂಗಳು ಮಾಗಲೇಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಲ್ಲಿ. ಕಾನೂನೇ ಹಾಗಿದೆ. ಅಷ್ಟು ಕಾಲ ನೆಲಮಾಳಿಗೆಯಲ್ಲಿ ಕೂತ ಬಂಡವಾಳ ಬೆಲೆಗೆ ಸೇರುತ್ತೆ, ಹೆಸರಿನ ಬೆಲೆಯೂ ಸೇರುತ್ತೆ. ಲಾಂಗೆಗೆ ಆ ಕಟ್ಟುಪಾಡಿಲ್ಲ. ಬೇಗ ಅಂಗಡಿಗೆ ಬರುತ್ತೆ, ಬೆಲೆಯೂ ಇಳಿಯುತ್ತೆ. ಒಳ್ಳೊಳ್ಳೆ ಬರೋಲೋ ಮಾಡೋರೇ ಇದನ್ನೂ ಮಾಡ್ತಾರೆ, ಅದಕ್ಕೇ ತಯಾರಕರ ಹೆಸರು ಗಮನಿಸಿ. ಗ್ಲಾಸಿಗೆ ಸುರಿದ್ರೆ ತೆಳು ಕೆಂಪು ಬಣ್ಣ, ಗುಲಾಬಿ, ಚೆರ್ರಿ ಘಮ, ನಾಲಿಗೆ ಹಿಡಿಯೋ ಒಗರು. ಚೀಸ್, ಮಾಂಸದ ಜೊತೆ ಆ ಒಗರು ಮೆತ್ತಗಾಗುತ್ತೆ.

ಒಗರೇ ಬೇಡ್ವಾ? ಬಾರ್ಬೆರಾ ದಾಸ್ತಿ ತಗೊಳ್ಳಿ. ಹುಳಿ ಮುಂದೆ, ಒಗರು ಕಮ್ಮಿ. ಟೊಮೇಟೊ ಸಾಸಿನ ಪಾಸ್ತಾಗೆ ಹೇಳಿ ಮಾಡಿಸಿದ್ದು! ಬಿಳಿ ವೈನ್ ಬೇಕಂದ್ರೆ ಸೊಆವೆ ಕ್ಲಾಸಿಕೋ.

ಒಂದು ಮಾತು. ಕೆಲವು ಬಾಟಲಿಗಳ ಕತ್ತಿನ ಮೇಲೆ ನಂಬರ್ ಇರೋ ಸರ್ಕಾರಿ ಪಟ್ಟಿ ಅಂಟಿಸಿರ್ತಾರೆ. ಅದು ಊರಿಗೆ, ನಿಯಮಕ್ಕೆ ಖಾತ್ರಿ, ರುಚಿಗಲ್ಲ. ಬಾಟಲಿ ಭಾರ ಇದೆ ಅಂತಲೂ ಮರುಳಾಗಬೇಡಿ.

ಮುಂದಿನ ಸಲ ಅಂಗಡಿಯವರನ್ನ ಹೀಗೆ ಕೇಳಿ: ‘ಈ ಬರೋಲೋ ಮಾಡಿದವರದ್ದೇ ಲಾಂಗೆ ನೆಬ್ಬಿಯೋಲೋ ಇದೆಯಾ?’